ಕುಳಿತುಕೊಳ್ಳಲು ಒಂದು ಸ್ಟೂಲು: ಕೆಲಸದ ಸ್ಥಳವನ್ನು ಹಿತವಾಗಿಸುವ ಸಣ್ಣ ಸುಧಾರಣೆಗಳು

ಮಹಾನಗರದ ಯಾವುದೇ ದೊಡ್ಡ ಸೀರೆಯಂಗಡಿಗೆ ಸಂಜೆಯ ಹೊತ್ತು ಹೋಗಿ ನೋಡಿ. ಗ್ರಾಹಕರಿಗಾಗಿ ಮೆತ್ತನೆಯ ಆಸನಗಳಿರುತ್ತವೆ, ತಂಪಾದ ಗಾಳಿ ಇರುತ್ತದೆ, ಕುಡಿಯಲು ನೀರೂ ಬರುತ್ತದೆ. ಆದರೆ ಸೀರೆಯ ಮಡಿಕೆಗಳನ್ನು ಬಿಡಿಸಿ ತೋರಿಸುವ ಹೆಣ್ಣುಮಗಳು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲೂ ಆಕೆ ಕುಳಿತುಕೊಳ್ಳುವಂತಿಲ್ಲ. ಏಕೆಂದರೆ ಕೌಂಟರಿನ ಹಿಂದೆ ಒಂದು ಸ್ಟೂಲು ಕೂಡ ಇಲ್ಲ. ಆ ಸ್ಟೂಲಿನ ಬೆಲೆ ಅಲ್ಲಿ ಮಾರಾಟವಾಗುವ ಒಂದು ಸಾಧಾರಣ ಸೀರೆಯ ಬೆಲೆಗಿಂತಲೂ ಕಡಿಮೆ.

ಕೆಲಸದ ಸ್ಥಳದ ಸುಧಾರಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಂಪೆನಿಗಳ ಗಾಜಿನ ಕಟ್ಟಡಗಳು, ವ್ಯಾಯಾಮ ಶಾಲೆಗಳು, ಉಚಿತ ಉಪಾಹಾರ ಇತ್ಯಾದಿ. ಆದರೆ ದುಡಿಯುವವನ ದಿನವನ್ನು ಸಹ್ಯವಾಗಿಸುವ ಅಥವಾ ಅಸಹ್ಯವಾಗಿಸುವ ಸಂಗತಿಗಳು ಬಹುಪಾಲು ಚಿಕ್ಕವು. ಕೂರಲು ಜಾಗ, ಕುಡಿಯಲು ನೀರು, ಚಿಲಕವಿರುವ ಶೌಚಾಲಯ, ಊಟಕ್ಕೆ ಅರ್ಧ ಗಂಟೆ, ಬೆವರು ಆರಲು ಗಾಳಿ, ಹೆಸರು ಹಿಡಿದು ಕರೆಯುವ ಒಂದು ದನಿ. ಹೊರನಾಡಿನ ಕನ್ನಡಿಗರಲ್ಲಿ ಹೊಟೇಲು, ಅಂಗಡಿ, ಸಣ್ಣ ಕಾರ್ಖಾನೆ, ಕಚೇರಿಗಳನ್ನು ನಡೆಸುವವರು ಬಹಳ ಮಂದಿ ಇದ್ದಾರೆ. ಅಲ್ಲಿ ದುಡಿಯುವವರು ಇನ್ನೂ ಹೆಚ್ಚು. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡುವುದು ಉಚಿತವೆನಿಸುತ್ತದೆ.

ಅರ್ಧ ಗಂಟೆಯ ವಿರಾಮಕ್ಕೂ ಒಂದು ಇತಿಹಾಸ

ಇಂದು ಸಹಜವೆಂದು ನಾವು ಭಾವಿಸುವ ಸೌಕರ್ಯಗಳು ತಾವಾಗಿಯೇ ಬಂದವುಗಳಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿತವಿತ್ತು. ವಾರದ ರಜೆ ಎಂಬುದಿರಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ಸರಕಾರದ ಮುಂದೆ ಇಟ್ಟ ಬೇಡಿಕೆಗಳನ್ನು ಈಗ ಓದಿದರೆ ಅಚ್ಚರಿಯಾಗುತ್ತದೆ. ಭಾನುವಾರ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆಯ ವಿರಾಮ ಬೇಕು, ಹಿಂದಿನ ತಿಂಗಳ ಸಂಬಳ ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕೈಸೇರಬೇಕು - ಇವು ಆ ಬೇಡಿಕೆಗಳಲ್ಲಿದ್ದವು. 1890ರಲ್ಲಿ ಭಾನುವಾರದ ರಜೆ ದೊರೆಯಿತು. ಮಧ್ಯಾಹ್ನದ ಅರ್ಧ ಗಂಟೆಯ ವಿರಾಮ 1891ರ ಕಾರ್ಖಾನೆ ಕಾಯ್ದೆಯಲ್ಲಿ ಸ್ಥಾನ ಪಡೆಯಿತು. ನಾವು ಇಂದು ಡಬ್ಬಿ ಬಿಚ್ಚಿ ನೆಮ್ಮದಿಯಿಂದ ಉಣ್ಣುವ ಆ ಅರ್ಧ ಗಂಟೆಗೆ ನೂರಮೂವತ್ತು ವರ್ಷಗಳಿಗೂ ಮಿಕ್ಕಿದ ಹಿನ್ನೆಲೆ ಇದೆ.

ಮಾಲೀಕರ ಕಡೆಯಿಂದಲೂ ಒಳ್ಳೆಯ ಉದಾಹರಣೆಗಳಿಲ್ಲದಿಲ್ಲ. ಜಮಶೇಟ್‌ಜಿ ಟಾಟಾ ಅವರು 1877ರಲ್ಲಿ ನಾಗಪುರದಲ್ಲಿ ಆರಂಭಿಸಿದ ಎಂಪ್ರೆಸ್ ಗಿರಣಿಯಲ್ಲಿ ಗಾಳಿಯ ತೇವಾಂಶವನ್ನು ಹದಗೊಳಿಸುವ ಯಂತ್ರಗಳನ್ನೂ ಬೆಂಕಿ ನಂದಿಸುವ ನೀರಿನ ಸಿಂಪರಣಿಗಳನ್ನೂ ಅಳವಡಿಸಿದ್ದರು. ಯಾವ ಕಾಯ್ದೆಯೂ ಅವರನ್ನು ಒತ್ತಾಯಿಸಿರಲಿಲ್ಲ. ಹತ್ತಿಯ ಧೂಳಿನಲ್ಲಿ ಬಳಲುವ ಕೆಲಸಗಾರ ಗಿರಣಿಯಲ್ಲಿ ಬಹುಕಾಲ ನಿಲ್ಲುವುದಿಲ್ಲವೆಂಬ ವ್ಯವಹಾರಜ್ಞಾನವೂ ಅದರಲ್ಲಿ ಬೆರೆತಿತ್ತೆಂದು ಊಹಿಸಬಹುದು.

ಕುಳಿತುಕೊಳ್ಳುವ ಹಕ್ಕು

ದೀರ್ಘಕಾಲ ನಿಂತೇ ಇದ್ದರೆ ದೇಹಕ್ಕೆ ಆಗುವುದೇನು? ಕಾಲಿನಿಂದ ಹೃದಯದ ಕಡೆಗೆ ರಕ್ತವನ್ನು ಮೇಲಕ್ಕೆ ತಳ್ಳುವಲ್ಲಿ ಮೀನಖಂಡದ ಸ್ನಾಯುಗಳ ಪಾತ್ರ ದೊಡ್ಡದು. ನಡೆಯುವಾಗ ಅವು ಹಿಗ್ಗಿ ಕುಗ್ಗಿ ರಕ್ತವನ್ನು ಮೇಲೆತ್ತುತ್ತವೆ. ಒಂದೇ ಕಡೆ ನಿಂತಾಗ ಈ ಕೆಲಸ ನಿಧಾನವಾಗಿ, ರಕ್ತ ಕೆಳಗೇ ತಂಗುತ್ತದೆ. ಪಾದ ಊದಿಕೊಳ್ಳುತ್ತದೆ, ಸೊಂಟ ನೋಯುತ್ತದೆ, ವರ್ಷಗಳು ಕಳೆದಂತೆ ಕಾಲಿನ ನರಗಳು ಉಬ್ಬಿ ಹಸಿರುಗಟ್ಟುತ್ತವೆ. ಆದ್ದರಿಂದ ನಡುನಡುವೆ ಕೂರುವುದು, ನಾಲ್ಕು ಹೆಜ್ಜೆ ನಡೆಯುವುದು ಸೋಮಾರಿತನವಲ್ಲ, ದೇಹದ ಅಗತ್ಯ.

1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮು ಇದನ್ನು ಗುರುತಿಸಿತ್ತು. ನಿಂತು ಕೆಲಸ ಮಾಡುವವರಿಗೆ ಕೆಲಸದ ನಡುವೆ ಬಿಡುವು ದೊರೆತಾಗ ಕೂರಲು ತಕ್ಕ ಏರ್ಪಾಡು ಇರಬೇಕೆಂದು ಅದು ವಿಧಿಸಿತ್ತು. ಆದರೆ ಅದು ಕಾರ್ಖಾನೆಗಳಿಗೆ ಸಂಬಂಧಿಸಿದ್ದು. ಅಂಗಡಿಯ ಹುಡುಗಿಗೆ ಅನ್ವಯಿಸುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು ಹೋರಾಡಿದವರು ಕೇರಳದ ಮಹಿಳೆಯರು. ಕೋಳಿಕ್ಕೋಡಿನ ಪ್ರಸಿದ್ಧ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರು 'ಪೆಣ್‌ಕೂಟ್ಟ್' ಎಂಬ ಸಂಘಟನೆಯ ಮೂಲಕ ಮೊದಲು ಅದಕ್ಕಾಗಿ, ನಂತರ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ದನಿಯೆತ್ತಿದರು. 2018ರಲ್ಲಿ ಕೇರಳ ಸರಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದುಪಡಿ ಮಾಡಿ ಆಸನವನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಬಿಬಿಸಿ ಪ್ರಕಟಿಸಿದ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಅವರ ಹೆಸರಿತ್ತು. 2021ರಲ್ಲಿ ತಮಿಳುನಾಡು ಕೂಡ ಇಂಥದೇ ತಿದ್ದುಪಡಿಯನ್ನು ತಂದಿತು.

ಈಗ ಕೇಂದ್ರ ಸರಕಾರದ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದು, ಹಳೆಯ ಕಾರ್ಖಾನೆ ಕಾಯ್ದೆಯ ಸ್ಥಾನವನ್ನು ಪಡೆದಿದೆ. ನಿಂತು ದುಡಿಯುವವರಿಗೆ ಆಸನದ ವ್ಯವಸ್ಥೆ ಅದರ ಕ್ಷೇಮ ಸೌಲಭ್ಯಗಳ ಪಟ್ಟಿಯಲ್ಲಿದೆ. ಕ್ಯಾಂಟೀನಿನ ಏರ್ಪಾಡಿಗೆ ಹಿಂದೆ ಕಾರ್ಖಾನೆಯಲ್ಲಿ 250ಕ್ಕಿಂತ ಹೆಚ್ಚು ಕೆಲಸಗಾರರಿರಬೇಕಿತ್ತು. ಸಂಹಿತೆಯಲ್ಲಿ ಆ ಮಿತಿ 100ಕ್ಕೆ ಇಳಿದಿದೆ. ಆದರೆ ಸ್ಟೂಲು ಇಟ್ಟು, ಅದರ ಮೇಲೆ ಕುಳಿತವರನ್ನು ದುರುಗುಟ್ಟಿ ನೋಡಿದರೆ ಕಾಯ್ದೆ ಏನು ಮಾಡೀತು? 'ಗಿರಾಕಿ ಇಲ್ಲದಾಗ ಕೂತುಕೊಳ್ಳಿ' ಎಂದು ಮಾಲೀಕರು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ನೀರು ಮತ್ತು ಶೌಚಾಲಯ

ಕುಡಿಯುವ ನೀರಿಗೂ ಶೌಚಾಲಯಕ್ಕೂ ಇರುವ ಸಂಬಂಧವನ್ನು ಗಂಡಸರು ಬೇಗನೆ ಗಮನಿಸುವುದಿಲ್ಲ. ಶೌಚಾಲಯ ಕೊಳಕಾಗಿದ್ದರೆ ಅಥವಾ ದೂರವಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರ ಫಲವಾಗಿ ತಲೆನೋವು, ಆಯಾಸ, ಮೂತ್ರದ ಸೋಂಕು ಬರುತ್ತವೆ. ಮುಂದಿನ ವಾರ ಎರಡು ದಿನ ರಜೆ. ಮಾಲೀಕರ ಪುಸ್ತಕದಲ್ಲಿ ಅದು 'ಗೈರುಹಾಜರಿ' ಎಂದು ದಾಖಲಾಗುತ್ತದೆ. ಕಾರಣ ಮಾತ್ರ ಎಲ್ಲೂ ದಾಖಲಾಗುವುದಿಲ್ಲ.

ಇದಕ್ಕೆ ಬೇಕಾದುದು ಭಾರೀ ವೆಚ್ಚವಲ್ಲ. ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಚಿಲಕ, ಉರಿಯುವ ದೀಪ, ಬಕೆಟು, ಸೋಪು, ಮುಚ್ಚಳವಿರುವ ಕಸದ ಡಬ್ಬಿ, ಬಟ್ಟೆ ಅಥವಾ ಚೀಲ ತೂಗುಹಾಕಲು ಒಂದು ಮೊಳೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಎರಡು ಬಾರಿ ತೊಳೆಯುವವರು ಯಾರೆಂಬುದು ನಿಶ್ಚಿತವಾಗಿರಬೇಕು.

ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಒಂದು ಅರ್ಥಪೂರ್ಣ ಮಾತಿತ್ತು. ಕುಡಿಯುವ ನೀರಿನ ಸ್ಥಳದಲ್ಲಿ 'ಕುಡಿಯುವ ನೀರು' ಎಂದು ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು ಎಂದು ಅದು ಹೇಳಿತ್ತು. ಪರಭಾಷೆಯ ನಗರಕ್ಕೆ ಬಂದು, ಫಲಕಗಳನ್ನು ಓದಲಾಗದೆ ತಬ್ಬಿಬ್ಬಾದ ಅನುಭವ ನಮ್ಮ ಹಿರಿಯರಿಗೆಲ್ಲ ಇದೆ. ಇಂದು ನಮ್ಮ ಹೊಟೇಲುಗಳಲ್ಲಿ ದುಡಿಯುವ ಒಡಿಯಾ, ನೇಪಾಳಿ, ಬಂಗಾಳಿ ಹುಡುಗರ ಸ್ಥಿತಿಯೂ ಅದೇ. ಗ್ಯಾಸ್ ಕವಾಟ ಮುಚ್ಚುವ ಕ್ರಮವನ್ನು ಅವರ ಭಾಷೆಯಲ್ಲಿ ಬರೆದು ಅಂಟಿಸಲು ಒಂದು ಹಾಳೆ ಸಾಕು.

ಹೊಟೇಲಿನ ಅಡುಗೆಮನೆ

ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಮುಂಬಯಿಯಲ್ಲಿ ಹೊಟೇಲು ಕಟ್ಟಿದವರಲ್ಲಿ ಅನೇಕರು ಹಗಲು ಕಪ್ಪುಬಶಿ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರು. ಅಡುಗೆಮನೆಯ ಕಾವು ಎಂಥದೆಂದು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೂ ಗಿರಾಕಿಗಳು ಕೂರುವ ಹಾಲಿಗೆ ಹವಾನಿಯಂತ್ರಣ ಬಂದ ಮೇಲೂ ಎಷ್ಟೋ ಕಡೆ ದೋಸೆ ಕಾವಲಿಯ ಮುಂದಿನ ಸೆಕೆ ಹಾಗೆಯೇ ಉಳಿದಿದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹೊಗೆ ಎಳೆಯುವ ಫ್ಯಾನು ಹಾಕಿ, ಒಳಗೆ ಗಾಳಿ ಬರುವ ದಾರಿಯನ್ನು ಮುಚ್ಚಿಬಿಡುವುದು. ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಹೊಗೆಯನ್ನು ಎಳೆಯುವುದಿಲ್ಲ. ಕೆಳಮಟ್ಟದಲ್ಲಿ ಒಂದು ಜಾಲರಿ ಕಿಂಡಿ ತೆರೆದರೆ ವ್ಯತ್ಯಾಸ ಆ ದಿನವೇ ತಿಳಿಯುತ್ತದೆ. ಒಲೆಯ ನೇರ ಮೇಲೆ ತಗಡಿನ ಹೊದಿಕೆ ಇದ್ದರೆ ಬಿಸಿ ಕೋಣೆಯಲ್ಲಿ ಹರಡುವ ಮೊದಲೇ ಹೊರಹೋಗುತ್ತದೆ. ಅದರ ಜಾಲರಿಯ ಜಿಡ್ಡನ್ನು ವಾರವಾರವೂ ತೊಳೆಯಬೇಕು. ಕಟ್ಟಿಕೊಂಡ ಜಿಡ್ಡು ಗಾಳಿಯನ್ನು ತಡೆಯುವುದಲ್ಲದೆ ಬೆಂಕಿಗೂ ಕಾರಣವಾಗುತ್ತದೆ.

ಬಿಸಿಯಲ್ಲಿ ದುಡಿಯುವವರು ಬಾಯಾರುವವರೆಗೆ ಕಾಯದೆ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂದು ಔದ್ಯೋಗಿಕ ಆರೋಗ್ಯ ತಜ್ಞರು ಹೇಳುತ್ತಾರೆ. ಊರಿಂದ ಆಗತಾನೆ ಬಂದ ಹುಡುಗನನ್ನು ಮೊದಲ ದಿನವೇ ಇಡೀ ಪಾಳಿ ಒಲೆಯ ಮುಂದೆ ನಿಲ್ಲಿಸಬಾರದು. ದೇಹ ಸೆಕೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಪಾತ್ರೆ ತೊಳೆಯುವಲ್ಲಿ ರಬ್ಬರಿನ ಚಾಪೆ, ಕೈಗವಸು ಮತ್ತು ಸೊಂಟದ ಎತ್ತರಕ್ಕಿರುವ ತೊಟ್ಟಿ ಇದ್ದರೆ ಜಾರಿ ಬೀಳುವುದು, ಬೆರಳ ಸಂದು ಕೊಳೆಯುವುದು, ಬೆನ್ನುನೋವು - ಮೂರೂ ಕಡಿಮೆಯಾಗುತ್ತವೆ. ಮಲಗುವ ಅಟ್ಟದಲ್ಲಿ ಪ್ರತಿಯೊಬ್ಬನಿಗೂ ಬೀಗ ಹಾಕುವ ಒಂದು ಪೆಟ್ಟಿಗೆ ಇರಲಿ. ಊರಿಗೆ ಕಳುಹಿಸಬೇಕಾದ ಹಣ ಕಳೆದುಹೋದೀತೆಂಬ ಚಿಂತೆಯಿರುವವನಿಗೆ ನಿದ್ದೆ ಬರುವುದಿಲ್ಲ.

ಕಚೇರಿಯ ಮೇಜು, ಬೆಳಕು, ಸದ್ದು

ಕಚೇರಿಯ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕುಳಿತೇ ಇರುವುದು ಕಷ್ಟ. ಕಂಪ್ಯೂಟರಿನ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನಷ್ಟು ದೂರದಲ್ಲಿರಬೇಕು. ಪರದೆ ತಗ್ಗಾಗಿದ್ದರೆ ಕೆಳಗೆ ಎರಡು ದಪ್ಪ ಪುಸ್ತಕಗಳನ್ನಿಟ್ಟರೆ ಆಯಿತು. ಪಾದ ನೆಲಕ್ಕೆ ಎಟುಕದವರಿಗೆ ಕಾಲಿಡಲು ಒಂದು ಮಣೆ ಬೇಕು. ಕಿಟಕಿ ಪರದೆಯ ಹಿಂದೆಯೂ ಇರಬಾರದು, ಎದುರಿಗೂ ಇರಬಾರದು. ಪಕ್ಕದಲ್ಲಿದ್ದರೆ ಕಣ್ಣು ಕುಕ್ಕುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಕಣ್ಣಿನ ವೈದ್ಯರ ಸಲಹೆಗೆ ಖರ್ಚೇನೂ ಇಲ್ಲ.

ಸದ್ದಿಗೂ ಒಂದು ಸರಳ ಅಳತೆಯಿದೆ. ಒಂದು ತೋಳಿನ ದೂರದಲ್ಲಿ ನಿಂತವರೊಂದಿಗೆ ದನಿಯೇರಿಸಿ ಮಾತಾಡಬೇಕಾಗಿ ಬಂದರೆ, ಆ ಸದ್ದು ಕಾಲಕ್ರಮದಲ್ಲಿ ಕಿವಿಗೆ ಕೆಡುಕನ್ನುಂಟುಮಾಡುವ ಮಟ್ಟಕ್ಕೆ ಬಂದಿದೆಯೆಂದು ತಿಳಿಯಬೇಕು. ಸಡಿಲಗೊಂಡ ಫ್ಯಾನು, ನೆಲಕ್ಕೆ ತಾಗಿ ಕಂಪಿಸುವ ಗ್ರೈಂಡರು ಇವುಗಳ ಕೆಳಗೆ ರಬ್ಬರಿನ ತುಂಡೊಂದನ್ನು ಇಟ್ಟರೂ ನೆಮ್ಮದಿ ಹೆಚ್ಚುತ್ತದೆ.

ವೇಳೆಯ ಮರ್ಯಾದೆ

ಮಹಾನಗರದಲ್ಲಿ ಕೆಲಸದ ದಣಿವು ಮನೆಯ ಹೊಸ್ತಿಲಲ್ಲೇ ಶುರುವಾಗುತ್ತದೆ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಗಾಡಿಯಲ್ಲಿ ಜೋತಾಡುತ್ತ ಬರುವವನಿಗೆ ಅರ್ಧ ಗಂಟೆಯ ಸಡಿಲಿಕೆ ದೊಡ್ಡ ವರ. 2023ರಲ್ಲಿ ಮಧ್ಯ ರೈಲ್ವೆಯು ಮುಂಬಯಿಯ ತನ್ನ ಕಚೇರಿ ಸಿಬ್ಬಂದಿಯ ವೇಳೆಯನ್ನು ಎರಡು ಹಂತಗಳಾಗಿ ವಿಂಗಡಿಸಿ, ಇತರ ಸಂಸ್ಥೆಗಳೂ ವೇಳೆಯನ್ನು ಹಿಂದುಮುಂದು ಮಾಡಿಕೊಳ್ಳುವಂತೆ ಕೋರಿತ್ತು. ಸಣ್ಣ ಕಚೇರಿಗೂ ಇದು ಅಸಾಧ್ಯವಲ್ಲ.

ಪಾಳಿಯ ಪಟ್ಟಿಯನ್ನು ಒಂದು ವಾರ ಮೊದಲೇ ಗೋಡೆಗೆ ಅಂಟಿಸುವುದು ಇನ್ನೊಂದು ಸುಧಾರಣೆ. ನಾಳೆ ರಜೆ ಇದೆಯೋ ಇಲ್ಲವೋ ಎಂಬುದು ಇಂದು ರಾತ್ರಿಯವರೆಗೂ ತಿಳಿಯದವನು ಮಗುವಿನ ಶಾಲೆಗೆ ಹೋಗಲಾರ, ಆಸ್ಪತ್ರೆಯ ದಿನ ಗೊತ್ತುಮಾಡಲಾರ.

ಕೇಳುವ ಕಿವಿ

ಅಮೆರಿಕದ ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ಕೆಲವು ಪ್ರಯೋಗಗಳು ನಡೆದವು. ಬೆಳಕು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುವುದೇ ಎಂಬುದು ಮೊದಲ ಪ್ರಶ್ನೆ. ಬೆಳಕು ಹೆಚ್ಚಿಸಿದ ಗುಂಪಿನಲ್ಲಿ ಮಾತ್ರವಲ್ಲದೆ, ಹೆಚ್ಚಿಸದ ಗುಂಪಿನಲ್ಲೂ ಉತ್ಪಾದನೆ ಏರಿತು! ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ, ತಮ್ಮ ಅಭಿಪ್ರಾಯ ಕೇಳುತ್ತಿದ್ದಾರೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ಎಲ್ಟನ್ ಮೇಯೋ ಮೊದಲಾದವರು ವಿವರಿಸಿದರು. ಮುಂದೆ ಈ ಅಂಕಿಅಂಶಗಳನ್ನು ಮರುಪರಿಶೀಲಿಸಿದ ವಿದ್ವಾಂಸರು ಆ ತೀರ್ಮಾನ ಅಷ್ಟು ಸರಳವಲ್ಲವೆಂದು ಎಚ್ಚರಿಸಿದ್ದಾರೆ. ಅದೇನೇ ಇದ್ದರೂ, ತನ್ನ ಮಾತಿಗೆ ಬೆಲೆಯಿದೆ ಎಂದು ತಿಳಿದವನ ದುಡಿಮೆಯಲ್ಲಿ ಲವಲವಿಕೆ ಇರುತ್ತದೆಂಬುದು ನಮ್ಮೆಲ್ಲರ ಅನುಭವ.

ಆದ್ದರಿಂದ ಸುಧಾರಣೆಯನ್ನು ಆರಂಭಿಸುವ ಬಗೆಯೆಂದರೆ ಮೊದಲು ಕೇಳುವುದು. 'ನಿಮ್ಮ ದಿನದಲ್ಲಿ ಅತಿ ಹೆಚ್ಚು ಕಿರಿಕಿರಿ ಯಾವುದರಿಂದ?' ಎಂದು ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಸಭೆಯಲ್ಲಿ ಕೇಳಿದರೆ ಹೊಸಬರೂ ಹೆಂಗಸರೂ ಬಾಯಿಬಿಡುವುದಿಲ್ಲ. ಬಂದ ಉತ್ತರಗಳಲ್ಲಿ ಸುಲಭವಾದ ಒಂದನ್ನು ಅದೇ ವಾರ ಸರಿಪಡಿಸಬೇಕು. ಸಾಧ್ಯವಾಗದುದನ್ನು ಏಕೆ ಸಾಧ್ಯವಿಲ್ಲವೆಂದು ಹೇಳಬೇಕು. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತಲೂ ಕೆಟ್ಟದ್ದು. 'ಏ ಹುಡುಗಾ' ಎಂಬ ಕೂಗಿನ ಬದಲು ಹೆಸರು ಹಿಡಿದು ಕರೆಯುವ ರೂಢಿಯನ್ನೂ ಆ ವಾರವೇ ಆರಂಭಿಸಬಹುದು.

ಒಂದು ಎಚ್ಚರಿಕೆಯ ಮಾತು. ಇವು ಯಾವುವೂ ನ್ಯಾಯವಾದ ಸಂಬಳಕ್ಕೆ, ವಾರದ ರಜೆಗೆ, ಭವಿಷ್ಯನಿಧಿಗೆ ಬದಲಿಯಲ್ಲ. ಸಂಬಳ ಬಾಕಿಯಿಟ್ಟು ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿದರೆ ಅದು ಯಾರಿಗೂ ರುಚಿಸದು. ಲೋಖಂಡೆಯವರ ಬೇಡಿಕೆಗಳಲ್ಲಿ ವಿರಾಮದ ಜೊತೆಗೇ ಸಂಬಳದ ತಾರೀಖೂ ಇದ್ದುದನ್ನು ಮರೆಯಬಾರದು.

ಊರು ಬಿಟ್ಟು ಬಂದ ನಮ್ಮ ಹಿರಿಯರಿಗೆ ಯಾರೋ ಒಬ್ಬರು 'ಊಟ ಆಯಿತೇ? ಸ್ವಲ್ಪ ಕೂತುಕೋ' ಎಂದು ಹೇಳಿದ್ದರಿಂದಲೇ ಎಷ್ಟೋ ಮಂದಿ ಈ ನಗರಗಳಲ್ಲಿ ಬೇರೂರಿದರು. ಇಂದು ಆ ಮಾತನ್ನು ಹೇಳುವ ಸ್ಥಾನದಲ್ಲಿ ನಾವಿದ್ದೇವೆ. ನಾಳೆ ಅಂಗಡಿಯ ಬಾಗಿಲು ತೆರೆಯುವಾಗ ಕೌಂಟರಿನ ಹಿಂದೆ ಒಂದು ಸ್ಟೂಲು ಇಡೋಣ. ಉಳಿದುದನ್ನು ಅದರ ಮೇಲೆ ಕುಳಿತವರೇ ಹೇಳಿಕೊಡುತ್ತಾರೆ.