ನಿಮಗಿದು ಗೊತ್ತೇ? ಕೆಮ್ಮಿಲ್ಲದೆ ಎದೆಗಿಳಿಯುವ ತುತ್ತು

● ಪಾರ್ಕಿನ್ಸನ್ ಕಾಯಿಲೆಯವರ ಜೀವ ತೆಗೆಯುವುದು ಬಹಳ ಸಲ ಕೈನಡುಕವಲ್ಲ, ನ್ಯುಮೋನಿಯಾ. ಅನ್ನನಾಳಕ್ಕೆ ಹೋಗಬೇಕಾದ ಅನ್ನ, ನೀರು, ಎಂಜಲು ಶ್ವಾಸನಾಳಕ್ಕೆ ಜಾರಿ ಶ್ವಾಸಕೋಶದಲ್ಲಿ ಸೋಂಕು ಹುಟ್ಟಿಸುತ್ತದೆ. ವೈದ್ಯರು ಇದನ್ನು ಆಸ್ಪಿರೇಷನ್ ನ್ಯುಮೋನಿಯಾ ಎನ್ನುತ್ತಾರೆ. ಅಲ್ಝೈಮರ್, ಎಎಲ್‌ಎಸ್ (ಸ್ನಾಯುಗಳನ್ನು ದುರ್ಬಲಗೊಳಿಸುವ ನರರೋಗ) ಇರುವವರಿಗೂ ಇದರ ಕಾಟ ತಪ್ಪಿದ್ದಲ್ಲ.

● ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ರೋಗಿಗಳ ನುಂಗುವ ಕಷ್ಟವನ್ನೂ ಸುರಿಯುವ ಜೊಲ್ಲನ್ನೂ ಬರೆದಿಟ್ಟಿದ್ದ. ಜೊಲ್ಲು ಸುರಿಯುವುದು ಅದು ಹೆಚ್ಚು ಊರುವುದರಿಂದಲ್ಲ, ಆಗಾಗ ನುಂಗದೇ ಇರುವುದರಿಂದ.

● ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುತ್ತೇವೆ. ಅಸಲಿಗೆ ಆ ಕೆಮ್ಮು ಬಂದರೇ ಕ್ಷೇಮ. ಈ ಕಾಯಿಲೆಗಳಲ್ಲಿ ಗಂಟಲಿನ ಅರಿವೇ ಮಂಕಾಗಿ, ತುತ್ತು ದಾರಿ ತಪ್ಪಿದರೂ ಎಷ್ಟೋ ಸಲ ಕೆಮ್ಮು ಬರುವುದಿಲ್ಲ. ಊಟವಾದ ಮೇಲೆ ಅಜ್ಜನ ಬಾಯಲ್ಲಿ ‘ಆ...’ ಅನ್ನಿಸಿ ನೋಡಿ. ನೀರು ಗುಳುಗುಟ್ಟಿದಂತೆ ದನಿ ಕೇಳಿಸಿದರೆ ವೈದ್ಯರಿಗೆ ಹೇಳಿ. ಜ್ವರವೇ ಬರಲಿ ಎಂದು ಕಾಯಬೇಡಿ. ವಯಸ್ಸಾದವರಲ್ಲಿ ಮೊದಲು ಕಾಣುವುದು ಏದುಸಿರು, ಮಂಪರು, ದಿಢೀರ್ ಗಲಿಬಿಲಿ ಇರಬಹುದು.

● ಇಂಥವರಿಗೆ ನುಂಗಲು ಅನ್ನಕ್ಕಿಂತ ನೀರೇ ಕಷ್ಟ! ಗಂಟಲು ಸಿದ್ಧವಾಗುವ ಮೊದಲೇ ಅದು ಇಳಿದುಬಿಡುತ್ತದೆ. ತಿಳಿಸಾರು–ಅನ್ನ ಇನ್ನೂ ತಾಪತ್ರಯ: ಅಗುಳು ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಓಡಿರುತ್ತದೆ.

● ಅದಕ್ಕೇ ನೀರು, ಸಾರನ್ನು ಗಟ್ಟಿ ಮಾಡಿ ಕೊಡುವುದುಂಟು. ಎಷ್ಟು ಗಟ್ಟಿಯಾಯಿತೆಂದು ಅಳೆಯಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಾಕು. ತುಂಬಿ, 10 ಸೆಕೆಂಡ್ ಸೋರಲು ಬಿಟ್ಟು, ಉಳಿದದ್ದು ನೋಡುತ್ತಾರೆ. ನೀರಾದರೆ ಖಾಲಿ, 8 ಮಿ.ಲೀ.ಗಿಂತ ಹೆಚ್ಚು ಉಳಿದರೆ ಸಾಕಷ್ಟು ಗಟ್ಟಿ. (ಸಿರಿಂಜ್ ಕಂಪನಿ ಬದಲಾದರೆ ಅಳತೆ ತಪ್ಪೀತು.) ಆದರೆ ಎಲ್ಲರಿಗೂ ಎಲ್ಲವನ್ನೂ ಗಟ್ಟಿ ಮಾಡಿ ಕೊಡುವುದು ಸರಿಯಲ್ಲ. ರುಚಿಸದೆ ಕುಡಿಯುವುದನ್ನೇ ಬಿಟ್ಟು, ಮೈಯಲ್ಲಿ ನೀರು ಕಡಿಮೆಯಾದೀತು.

● ನನ್ನನ್ನು ಕೇಳಿದರೆ ಇಲ್ಲಿ ದೊಡ್ಡ ಮದ್ದು ಹಲ್ಲುಜ್ಜುವ ಬ್ರಷ್! ಶ್ವಾಸಕೋಶ ಕೆಡಿಸುವುದು ಅನ್ನಕ್ಕಿಂತ ಅದರ ಜೊತೆ ಇಳಿಯುವ ಬಾಯಿಯ ಬ್ಯಾಕ್ಟೀರಿಯಾ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ನೋಡಿ: ಸಿಬ್ಬಂದಿಯೇ ಪ್ರತಿ ಊಟದ ನಂತರ ಬಾಯಿ ಶುಚಿ ಮಾಡಿದವರಲ್ಲಿ ಶೇ. 11 ಮಂದಿಗೆ ನ್ಯುಮೋನಿಯಾ, ಉಳಿದವರಲ್ಲಿ ಶೇ. 19. ಹಲ್ಲೇ ಇಲ್ಲದವರಿಗೂ ಇದರಿಂದ ಲಾಭವಾಯಿತು. ಹಲ್ಲುಸೆಟ್ಟನ್ನೂ ರಾತ್ರಿ ತೆಗೆದು ತೊಳೆಯಬೇಕು.

● ಆಹಾರ ಕೊಡಲು ಹೊಟ್ಟೆಗೆ ಟ್ಯೂಬ್ ಹಾಕಿದರೆ ಅಪಾಯ ಮುಗಿಯಿತೇ? ಇಲ್ಲ. ಎಂಜಲು ಇಳಿಯುತ್ತಲೇ ಇರುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವುದೂ ಉಂಟು. ಮರೆವಿನ ಕಾಯಿಲೆ ತೀರಾ ಬಲಿತವರಿಗೆ ಟ್ಯೂಬ್ ಬೇಡ, ಕೈಯಾರೆ ನಿಧಾನವಾಗಿ ಉಣ್ಣಿಸಿ ಎನ್ನುತ್ತದೆ ಅಮೆರಿಕದ ವೃದ್ಧರೋಗ ತಜ್ಞರ ಸಂಘ.

● ಜಪಾನಿನದೇ ಇನ್ನೊಂದು ಅಧ್ಯಯನ: ಪಾರ್ಶ್ವವಾಯು ಬಡಿದಿದ್ದ ವೃದ್ಧರಿಗೆ ಕರಿಮೆಣಸಿನ ಎಣ್ಣೆಯ ವಾಸನೆ ತೋರಿಸಿದಾಗ ನುಂಗುವ ಪ್ರತಿಕ್ರಿಯೆ ಚುರುಕಾಯಿತು. ಕೂಡಲೇ ಒಲೆಯ ಮೇಲೆ ಮೆಣಸಿನ ಸಾರಿಡಬೇಡಿ. ಅವರು ಮೂಸಿದ್ದು, ಕುಡಿದದ್ದಲ್ಲ.