ಒಂದೇ ಫೈಲಿನಲ್ಲಿ ಹಲವು ಬಗೆಯ ಸಾಲುಗಳು

ಪ್ರಶ್ನೆ: ಟಿಡಿಎಸ್ (ಮೂಲದಲ್ಲೇ ಮುರಿದುಕೊಂಡ ತೆರಿಗೆ) ರಿಟರ್ನ್‌ನ ಟೆಕ್ಸ್ಟ್ ಫೈಲ್ ತೆರೆದರೆ ಒಂದು ಸಾಲಿನಲ್ಲಿ ಚಲನ್, ಮತ್ತೊಂದರಲ್ಲಿ ನೌಕರರ ಹೆಸರು ಇರುತ್ತದೆ. ಯಾವುದು ಯಾವುದಕ್ಕೆ ಸೇರಿದ್ದೆಂದು ಕಂಪ್ಯೂಟರ್‌ಗೆ ಹೇಗೆ ತಿಳಿಯುತ್ತದೆ?

ಪ್ರತಿ ಸಾಲೂ ತಾನು ಯಾವ ಬಗೆಯದೆಂದು ಆರಂಭದಲ್ಲೇ ಹೇಳಿಬಿಡುತ್ತದೆ. ಈ ಫೈಲಿನಲ್ಲಿ ಒಂದು ಮಾಹಿತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ^ ಚಿಹ್ನೆ. ಅಲ್ಪವಿರಾಮವಾದರೆ ಹೆಸರು, ವಿಳಾಸಗಳ ಒಳಗೂ ನುಸುಳಿ ಸಾಲನ್ನು ತಪ್ಪು ಜಾಗದಲ್ಲಿ ತುಂಡರಿಸೀತು. ಮೊದಲ ತುಣುಕು ಸಾಲಿನ ಸಂಖ್ಯೆ, ಎರಡನೆಯದು ಬಗೆಯ ಗುರುತು. ಎಫ್‌ಎಚ್ ಎಂದರೆ ಇಡೀ ಫೈಲಿನ ತಲೆಸಾಲು, ಬಿಎಚ್ ಎಂದರೆ ತೆರಿಗೆ ಮುರಿದುಕೊಂಡವರ ವಿವರ, ಸಿಡಿ ಎಂದರೆ ಚಲನ್, ಡಿಡಿ ಎಂದರೆ ಯಾರ ಹಣದಿಂದ ಮುರಿದುಕೊಂಡರೋ ಅವರ ವಿವರ. ಈ ಗುರುತು ಓದಿದ ಮೇಲಷ್ಟೇ ಮುಂದಿನ ತುಣುಕುಗಳಿಗೆ ಅರ್ಥ ಬರುತ್ತದೆ. ಒಂದೇ ಸ್ಥಾನದಲ್ಲಿ ಸಿಡಿ ಸಾಲಿಗೆ ಒಂದು ಮಾಹಿತಿ, ಡಿಡಿ ಸಾಲಿಗೆ ಬೇರೆಯೇ.

ಸಂಬಂಧ ತಿಳಿಯುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ. ‘ಸಕ್ಕರೆ 2 ಕಿಲೋ’ ಎಂಬ ಸಾಲು ಮೇಲೆ ಬರೆದ ಗಿರಾಕಿಯ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ಡಿಡಿ ಸಾಲುಗಳು ಮೇಲಿನ ಸಿಡಿಗೆ ಸೇರುತ್ತವೆ. ಜತೆಗೆ ಪ್ರತಿ ಡಿಡಿಯಲ್ಲೂ ಚಲನ್ ಸಾಲಿನ ಕ್ರಮಸಂಖ್ಯೆ ಇರುತ್ತದೆ; ಸಿಡಿಯಲ್ಲಿ ತನ್ನಡಿ ಎಷ್ಟು ಡಿಡಿಗಳಿವೆ ಎಂಬ ಎಣಿಕೆ ಇರುತ್ತದೆ. ಇದು ಬಹಳ ಜಾಣ ಏರ್ಪಾಡು. ನಡುವೆ ಒಂದು ಸಾಲು ಬಿಟ್ಟುಹೋದರೂ ಎಣಿಕೆ ತಾಳೆಯಾಗದೆ ಪರಿಶೀಲನಾ ತಂತ್ರಾಂಶ ಫೈಲನ್ನು ತಿರಸ್ಕರಿಸುತ್ತದೆ. ಸಾಲುಗಳ ಕ್ರಮ ಕೆಟ್ಟರೂ ಸಂಬಂಧ ತಪ್ಪುತ್ತದೆ; ಆದ್ದರಿಂದಲೇ ಇಂಥ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಹೆಸರಿನ ಪ್ರಕಾರ ಜೋಡಿಸಲು ಹೋಗಬಾರದು.

ತಾಳೆಯಾದರೆ ಚಲನ್‌ಗಳನ್ನು ಒಂದು ಕೋಷ್ಟಕಕ್ಕೆ, ಜನರ ವಿವರವನ್ನು ಇನ್ನೊಂದಕ್ಕೆ ಹಾಕಬಹುದು. ಎರಡನ್ನೂ ಬೆಸೆಯುವುದು ಅದೇ ಕ್ರಮಸಂಖ್ಯೆ.