ಗೀಸರ್ ಏಕೆ ಹೊತ್ತಿಕೊಳ್ಳಲಿಲ್ಲ?

ಚಳ್ಳಕೆರೆ, ಮೊಳಕಾಲ್ಮುರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಸುಡು ಬಿಸಿಲು, ಎಣ್ಣೆ ಗಿರಣಿ, ರೇಷ್ಮೆ ಸೀರೆ. ಈ ಸೀಮೆಯಲ್ಲೂ ಚಳಿ ಇದೆ ಎಂದರೆ ನಗುವವರೇ ಹೆಚ್ಚು. ಆದರೆ ಧನುರ್ಮಾಸದ ಮುಂಜಾನೆ ಆರಕ್ಕೆ ಟ್ಯೂಷನ್ನಿಗೆ ಹೊರಡಬೇಕಾದ ಎಸ್ಸೆಸ್ಸೆಲ್ಸಿ ಹುಡುಗನನ್ನು ಕೇಳಿ ನೋಡಿ. ತಣ್ಣೀರು ಎಂದರೆ ಬಚ್ಚಲ ಬಾಗಿಲಲ್ಲೇ ನಿಂತುಬಿಡುತ್ತಾನೆ. ಹಿಂದೆ ಇದಕ್ಕೆಲ್ಲ ಹಂಡೆಯ ಒಲೆ ಇತ್ತು. ಜಾಲಿ ಸೌದೆಯನ್ನೋ ಶೇಂಗಾ ಸಿಪ್ಪೆಯನ್ನೋ ಒಟ್ಟಿದರೆ ಮನೆಮಂದಿಗೆಲ್ಲ ಬಿಸಿನೀರು. ಈಗ ಎಷ್ಟೋ ಮನೆಗಳಲ್ಲಿ ಹಂಡೆ ಅಟ್ಟ ಸೇರಿದೆ, ಬಚ್ಚಲ ಗೋಡೆಯ ಮೇಲೆ ಗ್ಯಾಸ್ ಗೀಸರ್ ಬಂದು ಕುಳಿತಿದೆ. ಕರೆಂಟು ಹೋದರೂ ನೀರು ಕಾಯುತ್ತದೆ ಎಂಬುದೇ ಅದರ ದೊಡ್ಡ ಆಕರ್ಷಣೆ.

ಹಾಗೆಂದು ಅದರಲ್ಲಿ ವಿದ್ಯುತ್ತೇ ಇಲ್ಲವೆಂದಲ್ಲ. ತಳದ ಪುಟ್ಟ ಡಬ್ಬಿಯಲ್ಲಿ ಟಾರ್ಚಿಗೆ ಹಾಕುವಂಥ ಎರಡು ದಪ್ಪ ಸೆಲ್‌ಗಳಿರುತ್ತವೆ; ಒಟ್ಟು 3 ವೋಲ್ಟ್. ಗೀಸರಿನ ಬುದ್ಧಿಯೆಲ್ಲ ನಡೆಯುವುದು ಈ 3 ವೋಲ್ಟಿನಲ್ಲೇ. ಆ ಬುದ್ಧಿ ಯಾವ ಕ್ರಮದಲ್ಲಿ ಕೆಲಸ ಮಾಡುತ್ತದೆ ಎಂದು ತಿಳಿದರೆ, ಅದು ಎಲ್ಲಿ ನಿಂತಿದೆ ಎಂಬುದನ್ನು ಹೊರಗೆ ನಿಂತೇ ಕಿವಿಯಿಂದ ಪತ್ತೆ ಹಚ್ಚಬಹುದು. ಹೈಸ್ಕೂಲಿನ ವಿಜ್ಞಾನ ಪಾಠ ಇಷ್ಟಕ್ಕೆ ಧಾರಾಳ ಸಾಕು.

ನಲ್ಲಿ ತಿರುಗಿಸಿದಾಗ ನೀರಿನ ಒತ್ತಡ ಒಂದು ರಬ್ಬರ್ ಪೊರೆಯನ್ನು ಉಬ್ಬಿಸುತ್ತದೆ. ಪೊರೆಯ ಜೊತೆ ಒಂದು ಕಡ್ಡಿ ಸರಿದು ಮೈಕ್ರೋಸ್ವಿಚ್ ಎಂಬ ಸಣ್ಣ ಸ್ವಿಚ್ಚನ್ನು ಚಾಲೂ ಮಾಡುತ್ತದೆ. ಆಗ ನಿಯಂತ್ರಣ ಪೆಟ್ಟಿಗೆ ಎಚ್ಚೆತ್ತು ಎರಡು ಕೆಲಸಕ್ಕೆ ಕೈಹಾಕುತ್ತದೆ. ಒಂದು, 3 ವೋಲ್ಟನ್ನು ಹಲವು ಸಾವಿರ ವೋಲ್ಟಿಗೆ ಏರಿಸಿ ಕಿಡಿ ಹಾರಿಸುವುದು. ನಮಗೆ ಕೇಳುವ 'ಟಿಕ್ ಟಿಕ್' ಅದೇ. ಇನ್ನೊಂದು, ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಕವಾಟ ತೆರೆದು ಅನಿಲ ಬಿಡುವುದು. ಬೆಂಕಿ ಹೊತ್ತಿಕೊಂಡಿತೇ ಇಲ್ಲವೇ ಎಂದು ನೋಡಲು ಜ್ವಾಲೆಯ ಬಾಯಲ್ಲೇ ಮತ್ತೊಂದು ಲೋಹದ ಕಡ್ಡಿ ಇದೆ. ಜ್ವಾಲೆಯಲ್ಲಿ ವಿದ್ಯುದಂಶ ಹೊತ್ತ ಅಯಾನುಗಳಿರುವುದರಿಂದ ಅದರ ಮೂಲಕ ಅತ್ಯಲ್ಪ ವಿದ್ಯುತ್ ಹರಿಯುತ್ತದೆ, ಕೆಲವೇ ಮೈಕ್ರೋ ಆಂಪಿಯರ್! ಅಷ್ಟು ಸಿಕ್ಕರೆ ಪೆಟ್ಟಿಗೆಗೆ ಸಮಾಧಾನ. ಕೆಲವು ಸೆಕೆಂಡುಗಳಲ್ಲಿ ಸಿಗದಿದ್ದರೆ ಅನಿಲವನ್ನು ಮುಚ್ಚಿಬಿಡುತ್ತದೆ. ಹೊತ್ತದ ಅನಿಲ ಬಚ್ಚಲು ತುಂಬಬಾರದಲ್ಲ!

ಶಬ್ದ ಹೇಳುವ ಕಥೆ

ನಲ್ಲಿ ಬಿಟ್ಟರೂ 'ಟಿಕ್ ಟಿಕ್' ಬರಲೇ ಇಲ್ಲವೆನ್ನಿ. ಎಲ್ಲರೂ ಮೊದಲು ಸೆಲ್ ಬದಲಿಸುತ್ತಾರೆ. ತಪ್ಪಲ್ಲ, ಆದರೆ ನಮ್ಮ ಕಡೆ ಅದಕ್ಕಿಂತ ಮೊದಲು ನೀರನ್ನು ಅನುಮಾನಿಸಬೇಕು. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ 0.1 ಕಿಲೋ ಮಾತ್ರ. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ಟ್ಯಾಂಕ್ ಇಟ್ಟರೆ ಪೊರೆಯನ್ನು ಉಬ್ಬಿಸುವಷ್ಟು ಒತ್ತಡ ಬರುವುದೇ ಕಷ್ಟ. ಟ್ಯಾಂಕ್ ತುಂಬಿದಾಗ ಹೊತ್ತಿಕೊಂಡು, ಅರ್ಧವಾದಾಗ ಮುಷ್ಕರ ಹೂಡುವ ಗೀಸರಿನ ಕಾಯಿಲೆ ಇದೇ. ಜೊತೆಗೆ ಕೊಳವೆ ಬಾವಿಯ ಗಡಸು ನೀರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು ನಮ್ಮವು. ಆಳದಿಂದ ಬರುವ ನೀರು ಮರಳನ್ನೂ ಸುಣ್ಣವನ್ನೂ ತರುತ್ತದೆ. ನೀರು ಒಳಹೋಗುವ ಕಡೆಯ ಸಣ್ಣ ಜಾಲರಿ ಕಟ್ಟಿಕೊಂಡರೆ ಹೊಸ ಸೆಲ್ ಹಾಕಿಯೂ ಫಲವಿಲ್ಲ. ನೀರು ನಿಲ್ಲಿಸಿ ಜಾಲರಿ ಬಿಚ್ಚಿ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ.

ಇನ್ನು ಸೆಲ್ಲಿನ ವಿಚಾರ. ಸೋತ ಸೆಲ್ ಒಂದು ಮೋಸ ಮಾಡುತ್ತದೆ. ಹೊರತೆಗೆದು ಮೀಟರ್ ಹಿಡಿದರೆ 1.5 ವೋಲ್ಟಿನ ಹತ್ತಿರವೇ ತೋರಿಸುತ್ತದೆ. ಕೆಲಸ ಕೊಟ್ಟೊಡನೆ ಕುಸಿಯುತ್ತದೆ. ಒಳರೋಧ ಹೆಚ್ಚಿರುವುದೇ ಕಾರಣ. ಆದ್ದರಿಂದ ಸೆಲ್ಲನ್ನು ಟಾರ್ಚಿಗೆ ಹಾಕಿ, ಬಲ್ಬು ಉರಿಯುವಾಗಲೇ ಅಳೆಯಬೇಕು. ಡಬ್ಬಿಯ ತಗಡಿನ ಮೇಲೆ ಬಿಳಿ ಅಥವಾ ಹಸಿರು ಕಿಲುಬು ಇದ್ದರೆ ಅದನ್ನೂ ಉಜ್ಜಿ ತೆಗೆಯಬೇಕು. ಬಚ್ಚಲ ತೇವಕ್ಕೆ ಅದು ಬಹುಬೇಗ ಕಟ್ಟುತ್ತದೆ.

'ಟಿಕ್ ಟಿಕ್' ಇದೆ, ಬೆಂಕಿ ಇಲ್ಲ. ಆಗ ರೆಗ್ಯುಲೇಟರ್ ತೆರೆದಿದೆಯೇ, ಸಿಲಿಂಡರಿನಲ್ಲಿ ಅನಿಲ ಇದೆಯೇ ನೋಡಿ. ಹೊಸ ಸಿಲಿಂಡರ್ ಹಾಕಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದ್ದು, ಎರಡು ಮೂರು ಸಲ ನಲ್ಲಿ ತಿರುಗಿಸಿದ ಮೇಲೆ ಹೊತ್ತಿಕೊಳ್ಳುತ್ತದೆ. ಇಲ್ಲೂ ಸೆಲ್ಲಿನದೇ ತಂಟೆ ಇರಬಹುದು: ಕಿಡಿ ಹಾರಿಸಲು ಸಾಲುವ ಶಕ್ತಿ ಕವಾಟ ಎತ್ತಲು ಸಾಲದೆ ಹೋಗುತ್ತದೆ. ಹಾಂ, ಅನಿಲದ ವಾಸನೆ ಬಂದರೆ ಪರೀಕ್ಷೆಯನ್ನೆಲ್ಲ ಅಲ್ಲಿಗೇ ಬಿಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆಗೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಫೋನ್ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ; ನೆಲದ ಮಟ್ಟದಲ್ಲೇ ಕೂತಿರುತ್ತದೆ.

ಹೊತ್ತಿಕೊಂಡು ಕೆಲವೇ ಸೆಕೆಂಡಿಗೆ ಆರಿಹೋದರೆ ಅನುಮಾನ ಜ್ವಾಲೆ ನೋಡುವ ಕಡ್ಡಿಯ ಮೇಲೆ. ಅದಕ್ಕೆ ಮಸಿ ಹಿಡಿದಿರಬಹುದು, ತಂತಿ ಸಡಿಲವಾಗಿರಬಹುದು. ಬೆಂಕಿ ಕಣ್ಣೆದುರೇ ಇದ್ದರೂ ಪೆಟ್ಟಿಗೆಗೆ ಕಾಣುತ್ತಿಲ್ಲ. ಇದು ಹೊದಿಕೆ ಬಿಚ್ಚಿ ಮಾಡುವ ಕೆಲಸ, ಮೆಕ್ಯಾನಿಕ್ಕಿಗೇ ಬಿಡಬೇಕು. ನಲ್ಲಿ ನಿಲ್ಲಿಸಿದ ಮೇಲೂ ಬೆಂಕಿ ಉರಿಯುತ್ತಲೇ ಇದ್ದರಂತೂ ರೆಗ್ಯುಲೇಟರ್ ಮುಚ್ಚಿ ಅವರನ್ನು ಕರೆಸುವವರೆಗೆ ಗೀಸರ್ ಮುಟ್ಟಲೇಬಾರದು.

ಚೆನ್ನಾಗಿ ಉರಿಯುತ್ತಿದ್ದು ನಡುವೆ ನಿಂತರೆ? ಹಲವು ಮಾದರಿಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆ ಇದೆ. ಒಳಗಿನ ತಾಮ್ರದ ಕೊಳವೆಗೆ ಸುಣ್ಣ ಕಟ್ಟಿ ಅತಿಯಾಗಿ ಕಾದರೂ ಶಾಖದ ಸ್ವಿಚ್ ಸಂಪರ್ಕ ಕಡಿಯುತ್ತದೆ. ಈ ಸ್ವಿಚ್ಚಿನ ಎರಡು ತಂತಿಗಳನ್ನು ನೇರ ಕೂಡಿಸಿ 'ಸರಿಹೋಯಿತು' ಎನ್ನುವ ಜಾಣರಿದ್ದಾರೆ. ಅಂಥವರಿಗೆ ಮನೆಯ ಬಾಗಿಲು ತೆರೆಯದಿರುವುದೇ ಲೇಸು.

ಯಾವ ಸ್ವಿಚ್ಚೂ ಕಾಯದ ಅಪಾಯ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಗ್ಯಾಸ್ ಫರ್ನೇಸ್. ಅಲ್ಲಿ ನಲ್ಲಿಯ ಬದಲು ಗೋಡೆಯ ಥರ್ಮೋಸ್ಟ್ಯಾಟ್ ಆಜ್ಞೆ ಕೊಡುತ್ತದೆ, ಉಳಿದದ್ದು ಹೆಚ್ಚುಕಡಿಮೆ ಇದೇ ಸರಪಳಿ. ವ್ಯತ್ಯಾಸವೆಂದರೆ ಈಗಿನ ಫರ್ನೇಸಿನಲ್ಲಿ ಮೊದಲು ಉರಿದ ಅನಿಲವನ್ನು ಹೊರಗೆಳೆಯುವ ಫ್ಯಾನು ತಿರುಗಬೇಕು, ಅದು ತಿರುಗಿದ್ದನ್ನು ಒಂದು ಸ್ವಿಚ್ ಖಚಿತಪಡಿಸಬೇಕು, ಆಮೇಲೆಯೇ ಬೆಂಕಿ. ನಮ್ಮ ಬಹುತೇಕ ಗೀಸರುಗಳು ನೀರನ್ನು ಕಾಯುತ್ತವೆ, ಜ್ವಾಲೆಯನ್ನು ಕಾಯುತ್ತವೆ, ಶಾಖವನ್ನು ಕಾಯುತ್ತವೆ. ಕೋಣೆಯ ಗಾಳಿಯನ್ನು ಕಾಯುವುದಿಲ್ಲ.

ಒಂದು ಲೆಕ್ಕ ಮಾಡೋಣ. ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಅನಿಲ ಉರಿಸುತ್ತದೆ. ಒಂದು ಕಿಲೋ ಅನಿಲ ಪೂರ್ತಿ ಉರಿಯಲು ಬೇಕಾದ ಗಾಳಿ ಸುಮಾರು 13 ಘನ ಮೀಟರ್. 20 ನಿಮಿಷಕ್ಕೆ 4 ಘನ ಮೀಟರಿಗೂ ಹೆಚ್ಚು. ಈಗ ಬಚ್ಚಲು ಅಳೆಯಿರಿ. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರ ಎಂದರೆ 240 ಘನ ಅಡಿ, ಅಂದರೆ 6.8 ಘನ ಮೀಟರ್. ಚಳಿಗೆಂದು ಕಿಟಕಿ ಮುಚ್ಚಿ ಅಣ್ಣ ಸ್ನಾನ ಮಾಡಿ ಬಂದ, ಹಿಂದೆಯೇ ತಮ್ಮ ಹೋದ. ತಮ್ಮನ ಪಾಲಿಗೆ ಉಳಿದ ಗಾಳಿ ಎಷ್ಟು? ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಂಡೆಯ ಒಲೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು, ಇದು ಎಚ್ಚರಿಸುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಕಾಲು ಸೋಲುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಬಚ್ಚಲಿನಲ್ಲಿ ಯಾರಾದರೂ ಹೀಗೆ ಕುಸಿದಿದ್ದರೆ ಮೊದಲು ಬಯಲಿಗೆ ತಂದು 108ಕ್ಕೆ ಫೋನ್ ಮಾಡಬೇಕು. ಗೀಸರಿನ ನೀಲಿ ಜ್ವಾಲೆ ಹಳದಿಗೆ ತಿರುಗಿದ್ದು ಕಂಡರೆ, ಅದು ಚೆನ್ನಾಗಿ ಹೊತ್ತಿಕೊಳ್ಳುತ್ತಿದ್ದರೂ ಕೆಟ್ಟಿದೆ ಎಂದೇ ತಿಳಿಯಬೇಕು.

ಇದಕ್ಕೆ ರಿಪೇರಿ ಪೆಟ್ಟಿಗೆಯೊಳಗಿಲ್ಲ, ಗೋಡೆಯ ಆಚೆ ಇದೆ. ಗೀಸರನ್ನು ಹೊರಗೋಡೆಗೆ ಹಾಕಿಸಿ ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಿಸಿ, ಬಚ್ಚಲ ಕಿಟಕಿಯ ಹತ್ತಿರ ಬೇಡ. ಬಯಲುಸೀಮೆಯ ಗಾಳಿಗೆ ಜ್ವಾಲೆ ಆರುತ್ತದೆ ಎನ್ನುವವರಿದ್ದಾರೆ, ಅದೂ ನಿಜವೇ. ತಲೆಯ ಮೇಲೆ ಎತ್ತರಕ್ಕೊಂದು ತಗಡು, ಗಾಳಿ ಬೀಸುವ ಬದಿಗೊಂದು ಮರೆ ಇರಲಿ. ಉಳಿದ ಕಡೆ ತೆರೆದಿರಲಿ. ಕೊಳವೆ ಉದ್ದವಾಗಿ ಮೊದಲು ಒಂದಷ್ಟು ತಣ್ಣೀರು ಬರುತ್ತದೆ. ನೀರಿಗೆ ಬಡತನವಿರುವ ಊರು ನಮ್ಮದು, ಅದನ್ನು ಬಕೆಟ್ಟಿಗೆ ಹಿಡಿದಿಟ್ಟರೆ ಪಾತ್ರೆ ತೊಳೆಯಲು ಆಗುತ್ತದೆ.